ಇಳಕಲ್ ಸೀರೆಯ ಸೆರಗಿನ ಎಳೆ ಸುಟ್ಟರೆ ಕಾಗದದ ವಾಸನೆ. ಇದು ರೇಷ್ಮೆನಾ, ಅಲ್ವಾ?

ಶ್ರಾವಣಸೋನೆ (ಪ್ರಶ್ನೆ ಕೇಳಿದವರು)
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತೀನಿ, ಬೈಕೋಬೇಡಿ.

ಗೌರಿ ಹಬ್ಬಕ್ಕೆ ಅತ್ತೆಗೆ ಅಂತ ಒಂದು ಮೇಳದಲ್ಲಿ ಇಳಕಲ್ ಸೀರೆ ತಗೊಂಡೆ. ಅಂಗಡಿಯವರು "ಒಡಲು ಕಾಟನ್, ಸೆರಗು, ಅಂಚು ಎರಡೂ ಪ್ಯೂರ್ ಸಿಲ್ಕ್" ಅಂದ್ರು. 4,200 ರೂಪಾಯಿ. ಮನೆಗೆ ತಂದು ಕೊಟ್ಟರೆ ಅತ್ತೆ ಸೆರಗನ್ನ ಹೆಬ್ಬೆರಳು ತೋರುಬೆರಳಿನ ನಡುವೆ ಎರಡು ಸಲ ತಿಕ್ಕಿ ನೋಡಿ "ಚೆನ್ನಾಗಿದೆ ಕಣಮ್ಮ" ಅಂದ್ರು. ಆ "ಚೆನ್ನಾಗಿದೆ"ಯ ಧಾಟಿ ಏನು ಅಂತ ಸೊಸೆಯಂದಿರಿಗೆ ಮಾತ್ರ ಅರ್ಥವಾಗುತ್ತೆ.

ರಾತ್ರಿ ತಡೆಯೋಕಾಗದೆ ಕುಚ್ಚಿನಿಂದ ಒಂದು ಎಳೆ ಕಿತ್ತು ಸುಟ್ಟು ನೋಡಿದೆ. ಕರಗಲಿಲ್ಲ, ಗಂಟು ಕಟ್ಟಲಿಲ್ಲ. ಭಗ್ ಅಂತ ಉರಿದು ಹೋಯ್ತು, ಕಾಗದ ಸುಟ್ಟ ವಾಸನೆ. ಯೂಟ್ಯೂಬ್‌ನಲ್ಲಿ "ಕರಗಿದರೆ ಸಿಂಥೆಟಿಕ್, ಬೂದಿಯಾದರೆ ನ್ಯಾಚುರಲ್" ಅಂತ ಹೇಳ್ತಾರೆ. ಆ ಲೆಕ್ಕದಲ್ಲಿ ಪಾಸ್. ಆದ್ರೆ ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರಬೇಕು ಅಂತಾನೂ ಎಲ್ಲೋ ಓದಿದ ನೆನಪು. ಯಾವುದು ಸರಿ?

ಗಿರ್ಮಿಟ್
ಟೋಪಿ ಬಿತ್ತು. ಮುಂದಿನ ಪ್ರಶ್ನೆ?

ಹೂವಿನಹಡಗಲಿ
ಕಾಟನ್ ಇರ್ಬೇಕು ಬಿಡಿ. ಕಾಟನ್ ಸುಟ್ಟರೆ ಕಾಗದದ ವಾಸನೆನೇ ಬರೋದು.

ಶ್ರಾವಣಸೋನೆ
ಕಾಟನ್ ಅಂತೂ ಅಲ್ಲ. ಫಳಫಳ ಹೊಳೀತಿದೆ, ಕೈಯಲ್ಲಿ ಹಿಡಿದರೆ ಜಾರುತ್ತೆ.

ಮಗ್ಗದಮನಿ
ಮೇಡಂ, ನಾವು ಇಳಕಲ್ ಕಡೆಯವರ. ಅಪ್ಪ, ಅಜ್ಜ ಎಲ್ಲಾರೂ ಕುಣಿಮಗ್ಗದಾಗ ಕಾಲ ಕಳದವರು. ನಿಮ್ಮ ಸೀರಿ ನೋಡದನ ಹೇಳತೇನಿ: ಅದು ಚಮಕಾ.

ಇಳಕಲ್ ಸೀರಿಯೊಳಗ ಒಡಲಿನ ಹಾಸು (ಉದ್ದಕ್ಕ ಬರೋ ಎಳಿ) ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಎರಡರ ಎಳಿ ಒಂದಕ್ಕೊಂದು ಕೊಂಡಿ ಹಾಕಿ ಜೋಡಸ್ತಾರ. ಅದಕ್ಕ ತೋಪು ತೆನಿ ಅಂತಾರ. ಹಿಂಗಾಗಿ ಒಡಲು ಹತ್ತಿ ಇಟಗೊಂಡು ಸೆರಗಿಗಷ್ಟ ರೇಷ್ಮಿ ಹಾಕಲಿಕ್ಕೆ ಬರತದ. ಅದ ಜಾಗಾದಾಗ ರೇಷ್ಮಿ ಬದಲಿ ಚಮಕಾ ಹಾಕಲಿಕ್ಕೂ ಬರತದ. ಚಮಕಾ ಅಂದ್ರ ಆರ್ಟ್ ಸಿಲ್ಕ್. ಆರ್ಟ್ ಸಿಲ್ಕ್ ಅಂದ್ರ ಆರ್ಟಿಫಿಶಿಯಲ್ ಸಿಲ್ಕ್, ಅಂದ್ರ ರೇಯಾನ್.

ಒಂದ್ ಮಾತು. ಚಮಕಾ ಸೀರಿ ಖೊಟ್ಟಿ ಮಾಲ್ ಅಲ್ರಿ. ನಮ್ಮೂರಾಗ ಯಾವ ಕಾಲದಿಂದ ನೇಯ್ತಾರ, ಕೇಳಿದವರಿಗೆ ಹೇಳೇ ಮಾರತಾರ. ಚಮಕಾಕ್ಕ ರೇಷ್ಮಿ ಅಂತ ಹೇಳಿ ರೇಷ್ಮಿ ರೇಟ್ ತಗೋಳೋದು ತಪ್ಪು.

ರಸಾಯನಮೇಷ್ಟ್ರು
ಮಗ್ಗದಮನಿಯವರು ಹೇಳಿದ್ದೇ ಸರಿ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಈ "ಕರಗಿದರೆ ಸಿಂಥೆಟಿಕ್, ಬೂದಿಯಾದರೆ ನ್ಯಾಚುರಲ್" ಅನ್ನೋ ಸೂತ್ರ ಎಷ್ಟೋ ಜನರನ್ನ ದಾರಿ ತಪ್ಪಿಸಿದೆ.

ಬೆಂಕಿಗೆ ಇದು ಹೊಲದಲ್ಲಿ ಬೆಳೆದದ್ದಾ, ಕಾರ್ಖಾನೆಯಲ್ಲಿ ಮಾಡಿದ್ದಾ ಅಂತ ಗೊತ್ತಾಗಲ್ಲ. ಅದಕ್ಕೆ ಗೊತ್ತಾಗೋದು ಎಳೆ ಯಾವ ಪದಾರ್ಥದ್ದು ಅನ್ನೋದು ಮಾತ್ರ. ಹತ್ತಿ, ಸೆಣಬು, ಲಿನನ್ ಇವೆಲ್ಲ ಸೆಲ್ಯುಲೋಸ್. ಕಾಗದವೂ ಅದೇ. ಅದಕ್ಕೇ ಕಾಗದದ ವಾಸನೆ. ರೇಷ್ಮೆ, ಉಣ್ಣೆ ಎರಡೂ ಪ್ರೋಟೀನು, ನಮ್ಮ ಕೂದಲು ಉಗುರಿನ ಹಾಗೆ. ಅದಕ್ಕೇ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್, ನೈಲಾನ್, ಅಕ್ರಿಲಿಕ್ ಇವು ಪೆಟ್ರೋಲಿಯಂ ಮೂಲದ ಪ್ಲಾಸ್ಟಿಕ್ ಸಂತಾನ. ಉರಿಗೆ ಹಿಡಿದರೆ ಮುದುರಿ, ಕರಗಿ, ಆರಿದ ಮೇಲೆ ಗಟ್ಟಿ ಮಣಿ ಕಟ್ಟುತ್ತವೆ.

ರೇಯಾನ್ ನಾಲ್ಕನೆಯವನು. ಕಾರ್ಖಾನೆಯಲ್ಲಿ ತಯಾರಾದದ್ದು, ಆದರೆ ಮರದ ತಿರುಳನ್ನ ರಾಸಾಯನಿಕದಲ್ಲಿ ಕರಗಿಸಿ, ಸಣ್ಣ ತೂತುಗಳಿಂದ ಹಾಯಿಸಿ ಮತ್ತೆ ಎಳೆ ಮಾಡಿದ್ದು. ಅಂದ್ರೆ ಸೆಲ್ಯುಲೋಸೇ. ಕಣ್ಣಿಗೆ ರೇಷ್ಮೆ, ಬೆಂಕಿಗೆ ಹತ್ತಿ. ಮನೆಯಲ್ಲಿ ಮಾಡೋ ಪರೀಕ್ಷೆಗಳೆಲ್ಲ ಎಡವೋದು ಇವನ ಹತ್ತಿರಾನೇ.

ಮೇಡಂ ಅವರ ಎಳೆ ಹೊಳೀತಿದೆ, ಜಾರ್ತಿದೆ, ಆದ್ರೆ ಕಾಗದದ ಹಾಗೆ ಉರೀತು. ರೇಷ್ಮೆಯಾಗಿದ್ದರೆ ಭಗ್ ಅಂತ ಉರೀತಾನೇ ಇರಲಿಲ್ಲ. ಚಿಟಚಿಟ ಅಂದು, ಮುದುರಿ, ಉರಿಯಿಂದ ಆಚೆ ತೆಗೆದ ತಕ್ಷಣ ತಾನೇ ಆರಿಹೋಗ್ತಿತ್ತು. ತುದಿಯಲ್ಲಿ ಕಪ್ಪು ಉಂಡೆ ನಿಲ್ಲುತ್ತೆ, ಬೆರಳಲ್ಲಿ ಒತ್ತಿದರೆ ಪುಡಿ. ಆ ಉಂಡೆ ಪುಡಿಯಾಗದೆ ಗಟ್ಟಿಯಾಗಿ ಕೂತರೆ ಪಾಲಿಯೆಸ್ಟರ್.

ಗಿರ್ಮಿಟ್
ಮೇಷ್ಟ್ರು ಬಂದ್ರು, ಎಲ್ಲಾರೂ ಎದ್ದು ನಿಲ್ಲಿ.

ಶ್ರಾವಣಸೋನೆ
ಧನ್ಯವಾದ ಸರ್. ಹೊಟ್ಟೆ ಉರೀತಿದೆ, ಆದ್ರೂ ಧನ್ಯವಾದ. ಒಂದು ಅನುಮಾನ: ಮರದಿಂದ ಬಂದದ್ದು ಅಂದಮೇಲೆ ರೇಯಾನ್ ನ್ಯಾಚುರಲ್ಲೇ ಆಗ್ಲಿಲ್ವಾ?

ಕಾಡುಮಲ್ಲಿಗೆ
ಹೌದಲ್ವಾ? ಪ್ಲಾಸ್ಟಿಕ್ ಅಲ್ಲ, ಮಣ್ಣಲ್ಲಿ ಕೊಳೆಯುತ್ತೆ, ಬೆವರು ಹೀರುತ್ತೆ. ನಾನಂತೂ ಬೇಸಿಗೆಯಲ್ಲಿ ರೇಯಾನ್ ಕುರ್ತಾನೇ ಹಾಕೋದು. ಸುಮ್ಮನೆ ಅದರ ಮೇಲೆ ಗೂಬೆ ಕೂರಿಸ್ತೀರ.

ತುಂಗಭದ್ರೆ
ಹರಿಹರದ ಪಕ್ಕದ ಕುಮಾರಪಟ್ಟಣಕ್ಕೆ ಒಂದ್ಸಲ ಬಂದು ಹೋಗಿ. ನೀಲಗಿರಿ ದಿಮ್ಮಿ ಹೊತ್ತ ಲಾರಿಗಳು ಸಾಲು ನಿಂತಿರ್ತಾವೆ. ಆ ಮರವೇ ತಿರುಳಾಗಿ, ರೇಯಾನ್ ಆಗಿ, ನಿಮ್ಮ ಮೈಮೇಲೆ ಬರೋದು. ದಿಮ್ಮಿ ನೋಡಿದರೆ ನ್ಯಾಚುರಲ್ ಅನ್ಸುತ್ತೆ. ಆದ್ರೆ ದಿಮ್ಮಿ ಎಳೆಯಾಗೋ ಹೊತ್ತಿಗೆ ಅದಕ್ಕೆ ಕಾಸ್ಟಿಕ್ ಸೋಡಾ, ಕಾರ್ಬನ್ ಡೈಸಲ್ಫೈಡ್, ಗಂಧಕಾಮ್ಲ ಎಲ್ಲದರ ಸ್ನಾನ ಆಗಿರುತ್ತೆ.

ಕಾಡುಮಲ್ಲಿಗೆ
ಹತ್ತಿಗೆ ಹೊಡೆಯೋ ಔಷಧಿ ಲೆಕ್ಕ ಹಾಕಿದ್ರೆ ಅದೇನು ಸಾಚಾನಾ?

ಎರೆಹೊಲ
ಹತ್ತಿ ಬೆಳೆಯೋನು ನಾನು, ಹೇಳತೇನಿ: ಸಾಚಾ ಅಲ್ಲ. ಅಜ್ಜ ಜಯಧರ ಹತ್ತಿ ಹಾಕತಿದ್ದ, ಮಳಿ ಆತಂದ್ರ ಮುಗೀತು, ಎಣ್ಣಿ ಹೊಡಿಯೋ ಮಾತ ಇರಲಿಲ್ಲ. ಈಗ ಎಣ್ಣಿ ಖರ್ಚ ಬೀಜದ ಖರ್ಚಿಗಿಂತ ಹೆಚ್ಚು. ಆದ್ರೂ ಹತ್ತಿ ಎಳಿ ಗಿಡದಾಗ ಎಳಿ ಆಗಿನ ಹುಟ್ಟತದ. ರೇಯಾನ್ ಗಿಡದಾಗ ಹುಟ್ಟೂದಿಲ್ಲ. ಇಷ್ಟ ಫರಕ್.

ರಸಾಯನಮೇಷ್ಟ್ರು
ಎರೆಹೊಲ ಅವರೇ, ನಾನು 2 ಪೀರಿಯಡ್ ತಗೊಂಡು ಹೇಳೋದನ್ನ ನೀವು ಒಂದು ಸಾಲಲ್ಲಿ ಹೇಳಿಬಿಟ್ರಿ. ರೇಯಾನನ್ನ ಪುನರುತ್ಪಾದಿತ ನಾರು ಅಂತ ಪ್ರತ್ಯೇಕ ಪಂಕ್ತಿಯಲ್ಲಿ ಕೂರಿಸ್ತಾರೆ. ಪದಾರ್ಥ ಪ್ರಕೃತಿಯದು, ಎಳೆ ಮನುಷ್ಯನದು.

ಇದರ ಇತಿಹಾಸವೂ ಸ್ವಾರಸ್ಯ. ಫ್ರಾನ್ಸಿನ ಶಾರ್ಡೊನೆ ಅನ್ನೋರು 1889ರ ಪ್ಯಾರಿಸ್ ಪ್ರದರ್ಶನದಲ್ಲಿ ಕೃತಕ ರೇಷ್ಮೆ ತೋರಿಸಿದರು. ಅದು ನೈಟ್ರೋಸೆಲ್ಯುಲೋಸ್, ಅಂದ್ರೆ ಸಿಡಿಮದ್ದಿನ ಹತ್ತಿರದ ನೆಂಟ. ಅದನ್ನ ಉಟ್ಟು ಒಲೆ ಹತ್ತಿರ ಹೋಗೋದನ್ನ ಊಹಿಸಿಕೊಳ್ಳಿ. ಈಗ ರೇಯಾನ್ ಮಾಡೋ ವಿಸ್ಕೋಸ್ ವಿಧಾನ ಇಂಗ್ಲೆಂಡಿನಲ್ಲಿ 1892ರಲ್ಲಿ ಬಂತು. ಹುಟ್ಟಿದ್ದೇ ರೇಷ್ಮೆಗೆ ನಕಲು ಅಂತ. ನಿಮ್ಮ ಅಂಗಡಿಯವರೇನೂ ಹೊಸ ಮೋಸ ಕಂಡುಹಿಡಿದಿಲ್ಲ.

ಕತ್ರಿಗುಂಡಿ
30 ವರ್ಷದಿಂದ ಟೈಲರಿಂಗ್ ಮಾಡ್ತಿದೀನಿ. ರೇಯಾನ್ ಹಿಡಿಯೋಕೆ ಬೆಂಕಿ ಯಾಕೆ, ಉಗುಳು ಸಾಕು.

ಒಂದು ಗೇಣು ಎಳೆ ತಗೊಳ್ಳಿ. ಒಣಗಿದ್ದಾಗ ಎಳೆದು ನೋಡಿ, ಎಷ್ಟು ಜೋರು ಬೇಕು ಅಂತ ಕೈಗೆ ಗೊತ್ತಾಗಲಿ. ಇನ್ನೊಂದು ಎಳೆ ತಗೊಂಡು ನಡುವಿನಲ್ಲಿ ಮಾತ್ರ ಒದ್ದೆ ಮಾಡಿ ಎಳೆಯಿರಿ. ರೇಯಾನ್ ಆದ್ರೆ ಒದ್ದೆಯಾದ ಜಾಗದಲ್ಲೇ ಪುಸಕ್ಕಂತ ಕಿತ್ತು ಬರುತ್ತೆ. ಹತ್ತಿ ಒದ್ದೆಯಾದ್ರೆ ಇನ್ನೂ ಗಟ್ಟಿ. ಅದಕ್ಕೇ ಬಾವಿ ಹಗ್ಗ ನೆಂದಷ್ಟೂ ತಡೆಯೋದು.

ಮೊದಮೊದಲು ರೇಯಾನ್ ನೈಟಿ ಹೊಲಿದು ಕೊಟ್ಟಾಗ ಹೆಂಗಸರು ಬಂದು ಜಗಳ ಆಡೋರು, "ಒಗೆಯೋ ಕಲ್ಲಿನ ಮೇಲೇ ಹರಿದು ಹೋಯ್ತು" ಅಂತ. ತಪ್ಪು ನನ್ನ ಹೊಲಿಗೇದಲ್ಲ, ಕಲ್ಲಿಗೆ ಕುಟ್ಟಿದ್ದು. ರೇಯಾನನ್ನ ಒದ್ದೆಯಲ್ಲಿ ಕುಟ್ಟಬಾರದು, ಹಿಂಡಬಾರದು.

ರಸಾಯನಮೇಷ್ಟ್ರು
ನೂರಕ್ಕೆ ನೂರು. ಒದ್ದೆಯಾದ ಸಾದಾ ವಿಸ್ಕೋಸ್ ಹೆಚ್ಚುಕಡಿಮೆ ಅರ್ಧ ಶಕ್ತಿ ಕಳ್ಕೊಳ್ಳುತ್ತೆ. ರೇಷ್ಮೆಯೂ ಸ್ವಲ್ಪ ಕಳ್ಕೊಳ್ಳುತ್ತೆ, ಆದ್ರೆ ಇಷ್ಟು ಅಲ್ಲ. ಪಾಲಿಯೆಸ್ಟರಿಗೆ ನೀರು ಬಿದ್ದದ್ದೇ ಗೊತ್ತಾಗಲ್ಲ. ಬರೀ 0.4 ಶೇಕಡಾ ತೇವ ಹಿಡಿಯುತ್ತೆ ಅದು. ಹತ್ತಿ ಸುಮಾರು 8, ರೇಷ್ಮೆ 11. ಪಾಲಿಯೆಸ್ಟರ್ ಶರಟು ಬೆನ್ನಿಗೆ ಅಂಟೋದು ಇದಕ್ಕೇ.

ಶ್ರಾವಣಸೋನೆ
ಈಗಷ್ಟೇ ಮಾಡಿದೆ. ಒಣ ಎಳೆ ಬೆರಳಿಗೆ ಸುತ್ತಿ ಎಳೆದರೆ ಬೆರಳು ಕೆಂಪಗಾಯ್ತು, ಆಮೇಲೆ ಕಿತ್ತಿತು. ಒದ್ದೆ ಮಾಡಿದ್ದು... ಎಳೆದೆ ಅಂತಲೂ ಅನಿಸಲಿಲ್ಲ. ನೆಂದ ಜಾಗದಲ್ಲಿ ಸಣ್ಣ ಸಣ್ಣ ಎಳೆಗಳಾಗಿ ಬಿಚ್ಕೊಂಡು ಬಂತು.

ಒಡಲಿನ ಎಳೆಗೂ ಮಾಡಿದೆ. ಅದು ಒದ್ದೆಯಾದರೂ ಜಗ್ಗಲಿಲ್ಲ. ಒಡಲು ಕಾಟನ್ ಅಂದಿದ್ದು ಮಾತ್ರ ನಿಜ ಅನ್ನಿ.

ಮಗ್ಗದಮನಿ
ಆತಲ್ರಿ. ಚಮಕಾ ಪಕ್ಕಾ.

ಪಡುವಣಗಾಳಿ
ಇಷ್ಟೆಲ್ಲ ರಾಮಾಯಣ ಯಾಕೆ ಮಾರಾಯ್ರೆ? ನಮ್ಮ ಊರಲ್ಲಿ ಸೀರೆಯನ್ನು ಉಂಗುರದಲ್ಲಿ ಹಾಯಿಸಿ ನೋಡುವುದು. ಸಲೀಸಾಗಿ ಹೋದ್ರೆ ಅಸಲಿ ರೇಷ್ಮೆ.

ಕತ್ರಿಗುಂಡಿ
ಸ್ವಾಮಿ, ತೆಳು ಪಾಲಿಯೆಸ್ಟರ್ ಕ್ರೇಪ್ ತನ್ನಿ, ಉಂಗುರದಲ್ಲಿ ಎರಡು ಸಲ ಹಾಯಿಸಿ ತೋರಿಸ್ತೀನಿ. ಕಾಂಜೀವರಂ ದಪ್ಪ ಸೀರೆ ತನ್ನಿ, ಅಸಲಿಯೇ ಆದ್ರೂ ಒಳಗೆ ಹೋಗಲ್ಲ. ಉಂಗುರಕ್ಕೆ ಗೊತ್ತಾಗೋದು ಬಟ್ಟೆಯ ದಪ್ಪ ಮಾತ್ರ.

ಪಡುವಣಗಾಳಿ
ಓ. ನಮ್ಮ ಅಜ್ಜಿ ಹೇಳ್ತಿದ್ದದ್ದು ಹಾಗಾದ್ರೆ ಸುಳ್ಳಾ?

ರಸಾಯನಮೇಷ್ಟ್ರು
ಅಜ್ಜಿ ಕಾಲದಲ್ಲಿ ನಿಜ ಇದ್ದಿರಬೇಕು. ಆಗ ಹೋಲಿಸೋಕೆ ಇದ್ದದ್ದು ಹತ್ತಿ ಒಂದೇ.

ಕೆಂಪುಗುಲಾಬಿ
ಸ್ಯಾಟಿನ್ ರೇಷ್ಮೆನಾ ಸಿಂಥೆಟಿಕ್ಕಾ? ಮಗಳ ಲಂಗಕ್ಕೆ ತಗೊಂಡಿದೀನಿ.

ಕತ್ರಿಗುಂಡಿ
ಸ್ಯಾಟಿನ್ ಅನ್ನೋದು ನೇಯ್ಗೆಯ ಹೆಸರಮ್ಮ, ನಾರಿನ ಹೆಸರಲ್ಲ. ಜಾರ್ಜೆಟ್, ಶಿಫಾನ್, ಕ್ರೇಪ್ ಎಲ್ಲ ಹಾಗೇ. ರೇಷ್ಮೆಯಲ್ಲೂ ನೇಯಬಹುದು, ಪಾಲಿಯೆಸ್ಟರಲ್ಲೂ ನೇಯಬಹುದು. ಮೀಟರಿಗೆ 80 ರೂಪಾಯಿ ಕೊಟ್ಟಿದ್ರೆ ಯಾವುದು ಅಂತ ಕೇಳಲೇಬೇಡಿ.

ಕೆಂಪುಗುಲಾಬಿ
70.

ಬಿದಿರುಮೆಳೆ
ಅಮೆರಿಕದಿಂದ ಬರೀತಿದೀನಿ. ಇಲ್ಲಿ ಪ್ರತಿ ಬಟ್ಟೆಯಲ್ಲೂ ಯಾವ ನಾರು ಎಷ್ಟು ಶೇಕಡಾ ಅಂತ ಚೀಟಿ ಇರಲೇಬೇಕು. ಆದ್ರೂ ಆಟ ಆಡ್ತಾರೆ. ಕೆಲವು ವರ್ಷ ಎಲ್ಲಿ ನೋಡಿದ್ರೂ "ಬ್ಯಾಂಬೂ ಬಟ್ಟೆ, ಶುದ್ಧ ನೈಸರ್ಗಿಕ" ಅಂತ ಮಾರ್ತಿದ್ರು. ಅದೂ ರೇಯಾನೇ, ಮರದ ಬದಲು ಬಿದಿರಿನ ತಿರುಳು, ಅಷ್ಟೇ. 2009ರಲ್ಲಿ ಇಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಕೆಲವು ಕಂಪನಿಗಳ ಮೇಲೆ ಕ್ರಮ ತಗೊಂಡು, "ಬಿದಿರಿನಿಂದ ಮಾಡಿದ ರೇಯಾನ್" ಅಂತಲೇ ಬರೀಬೇಕು ಅಂದಿತು. ಊರಿಗೆ ಬಂದಾಗ ನೋಡಿದ್ರೆ ಅಲ್ಲೂ "ಬ್ಯಾಂಬೂ ಕಾಟನ್" ಬೋರ್ಡು. ಬಿದಿರು ಬೇರೆ, ಕಾಟನ್ ಬೇರೆ, ಒಂದೇ ಉಸಿರಲ್ಲಿ ಎರಡೂ!

ಗಿರ್ಮಿಟ್
ಕೋಸಂಬರಿ ಬಿರಿಯಾನಿ ಅಂದ್ಹಂಗಾತು.

ಮಠದಬೀದಿ
ನನ್ನದೊಂದು ಬೇರೆ ತಕರಾರು. ನಮ್ಮ ಮನೆಯಲ್ಲಿ ಮಡಿ ಇನ್ನೂ ಇದೆ. ಹತ್ತಿಯಾದರೆ ಅಂದಂದೇ ಒಗೆದು ಒಣಗಿಸಿದ್ದು ಆಗಬೇಕು, ರೇಷ್ಮೆ ಅಥವಾ ಉಣ್ಣೆಯ ಧಾಬಳಿಯಾದರೆ ಒಗೆಯದೆಯೂ ಮಡಿ. ಅಡಿಗೆ ಭಟ್ಟರೊಬ್ಬರು ಹೊಳೆಯೋ ಕೆಂಪು ಮಗುಟ (ಮಡಿಯ ರೇಷ್ಮೆ ಪಂಚೆ) ಉಟ್ಟು ಬಂದ್ರು. ಒಗ್ಗರಣೆಯ ಕಿಡಿ ಹಾರಿ ಅಂಚಿಗೆ ಬಿತ್ತು. ಗಟ್ಟಿ ಕಪ್ಪು ಮಣಿ! ನಮ್ಮ ದೊಡ್ಡಮ್ಮ ದೂರದಿಂದಲೇ ನೋಡಿ "ಭಟ್ರೇ, ಮಡಿ ಕರಗಿತು" ಅಂದ್ರು.

ಹೂವಿನಹಡಗಲಿ
ದೊಡ್ಡಮ್ಮನಿಗೆ ಸಾಷ್ಟಾಂಗ.

ಕಾಡುಮಲ್ಲಿಗೆ
ಹುಳ ಕುದಿಸಿ ತೆಗೆದ ಎಳೆ ಮಡಿ, ಮರದಿಂದ ತೆಗೆದದ್ದು ಮೈಲಿಗೆ. ಯಾವ ನ್ಯಾಯ?

ಮಠದಬೀದಿ
ಆ ವಾದ ಬೇರೆ ಕಡೆ ಇಟ್ಕೊಳ್ಳೋಣ ತಾಯಿ. ನಾನು ಹೇಳಬೇಕು ಅಂತಿದ್ದದ್ದು ಒಲೆ ಮುಂದೆ ಪಾಲಿಯೆಸ್ಟರ್ ಉಡಬಾರದು ಅನ್ನೋದು. ಮಡಿ ಹೋದರೆ ಸ್ನಾನ ಮಾಡಬಹುದು. ಕರಗಿ ಚರ್ಮಕ್ಕೆ ಅಂಟಿದರೆ?

ದಾದಿಯಮ್ಮ
ಈ ಮಾತನ್ನ ದಪ್ಪಕ್ಷರದಲ್ಲಿ ಬರೀಬೇಕು. ನಾನು ಸುಟ್ಟಗಾಯದ ವಾರ್ಡಿನಲ್ಲಿ ಕೆಲಸ ಮಾಡಿದವಳು. ದೀಪಾವಳಿ ಬಂತಂದ್ರೆ ನಮಗೆ ಎದೆ ಹೊಡ್ಕೊಳ್ಳುತ್ತೆ. ಕರಗಿದ ಬಟ್ಟೆ ಚರ್ಮದ ಜೊತೆ ಒಂದಾಗಿರುತ್ತೆ, ಬಿಡಿಸೋಕೆ ಹೋದ್ರೆ ಚರ್ಮವೂ ಬರುತ್ತೆ. ಹತ್ತಿಯೂ ಬೇಗ ಹೊತ್ತಿಕೊಳ್ಳುತ್ತೆ, ಸಡಿಲ ಸೆರಗು, ದುಪಟ್ಟಾ ಯಾವ ನಾರಿನದಾದರೂ ಅಪಾಯವೇ. ಆದ್ರೆ ಕರಗಿ ಅಂಟೋದು ಬೇರೆ ಥರದ ನೋವು.

ರಸಾಯನಮೇಷ್ಟ್ರು
ಮಿಶ್ರಣ ಇನ್ನೂ ಕಷ್ಟ. ಟೆರಿಕಾಟ್‌ನಲ್ಲಿ ಹತ್ತಿ ಉರಿಯನ್ನ ಹಿಡಿದಿಡುತ್ತೆ, ಪಾಲಿಯೆಸ್ಟರ್ ಅದರ ಮೇಲೆ ಕರಗುತ್ತಾ ಇರುತ್ತೆ. ಪರೀಕ್ಷೆ ಮಾಡೋವಾಗಲೂ ಇದೇ ಗೊಂದಲ: ವಾಸನೆ ಕಾಗದದ್ದು, ಆದರೆ ಬೂದಿಯಲ್ಲಿ ಗಟ್ಟಿ ಕಾಳು ಸಿಗುತ್ತೆ. ಕಾಳು ಸಿಕ್ಕರೆ ಮಿಶ್ರಣ.

ಆಕಾಶವಾಣಿ
ಟೆರಿಕಾಟ್ ಅಂದಾಗ ನೆನಪಾಯ್ತು. ಅಮ್ಮನ ನೈಲೆಕ್ಸ್ (ನೈಲಾನ್) ಸೀರೆ ಯಾರ ಮನೆಯಲ್ಲಾದ್ರೂ ಉಳಿದಿದೆಯಾ? ನಮ್ಮಮ್ಮ ಎಪ್ಪತ್ತರ ದಶಕದಲ್ಲಿ ತಗೊಂಡದ್ದು, ನೀಲಿ ಹೂವಿಂದು. ಇಸ್ತ್ರಿ ಬೇಡ, ಕೊಡವಿದರೆ ಒಣಗ್ತಿತ್ತು. ರೇಷ್ಮೆ ಸೀರೆಗಳೆಲ್ಲ ಮಡಿಕೆಯಲ್ಲಿ ಬಿರಿದು ಹೋದ್ವು, ಈ ನೈಲೆಕ್ಸ್ ಮಾತ್ರ ಚಿರಂಜೀವಿ. ಈಗ ಟಿವಿಗೆ ಮುಸುಕು.

ಹೂವಿನಹಡಗಲಿ
ನಮ್ಮಲ್ಲಿ ಗ್ರೈಂಡರಿಗೆ.

ಕರಿಕಂಬಳಿ
ಎಲ್ಲಾರು ಸೀರೆ ಸೀರೆ ಅಂತೀರಾ, ಕಂಬಳಿ ಬಗ್ಗೆ ಯಾರೂ ಕೇಳಲ್ವಲ್ಲಪ್ಪ. ಚಳ್ಳಕೆರೆ ಕಡೆಯವ್ನು ನಾನು. ಬಸ್‌ಸ್ಟ್ಯಾಂಡ್ ಹತ್ರ "ಅಸಲಿ ಉಣ್ಣೆ" ಅಂತ ಅಕ್ರಿಲಿಕ್ ಮಾರ್ತಾರೆ. ನಮ್ ಕುರಿ ಉಣ್ಣೆ ಕಂಬಳಿ ಹೆಂಗೆ ಅಂದ್ರೆ, ಹೊಸದ್ರಲ್ಲಿ ನೆಲಕ್ಕೆ ಇಟ್ರೆ ಹಲಗೆ ಥರ ನಿಲ್ಲುತ್ತೆ, ಹುಣಸೆ ಬೀಜದ ಗಂಜಿ ಕುಡಿಸಿರ್ತಾರೆ. ಮೈಗೆ ಚುಚ್ಚುತ್ತೆ. ಮಳೆಲಿ ನೆಂದ್ರೆ ಕುರಿದೊಡ್ಡಿ ವಾಸನೆ. ಮೆತ್ತಗೆ, ಹಗುರಕ್ಕೆ, ಗುಲಾಬಿ ಬಣ್ಣದಾಗೆ ಹುಲಿ ಚಿತ್ರ ಇದ್ರೆ ಅದು ಕಂಬಳಿ ಅಲ್ಲ ಬಿಡಿ.

ಒಂದು ಎಳೆ ಸುಟ್ರೆ ಅಲ್ಲೇ ಗೊತ್ತಾಗೋಗುತ್ತೆ. ಉಣ್ಣೆ ಉರಿಯಾಕೇ ಸೋಮಾರಿ. ಅಕ್ರಿಲಿಕ್ಕು ಕರೀ ಹೊಗೆ ಬಿಟ್ಕೊಂಡು ಧಗಧಗ ಅನ್ನುತ್ತೆ.

ಶ್ರಾವಣಸೋನೆ
ಹುಲಿ ಚಿತ್ರದ್ದು ನಮ್ಮ ಮನೆಯಲ್ಲಿ ಎರಡಿದೆ 😄

ಎರೆಹೊಲ
ಬಾವುಟದ ಸುದ್ದಿ ಯಾರೂ ತಗೀಲಿಲ್ಲಲ್ಲ. ನಮ್ಮ ಧಾರವಾಡ ಜಿಲ್ಲಾದ ಗರಗದಾಗ, ಹುಬ್ಬಳ್ಳಿ ಬೆಂಗೇರಿಯೊಳಗ ರಾಷ್ಟ್ರಧ್ವಜದ ಖಾದಿ ತಯಾರ ಆಗತದ. ಮೊದಲ ಧ್ವಜ ಅಂದ್ರ ಕೈಯಿಂದ ನೂತು ಕೈಯಿಂದ ನೇಯ್ದದ್ದ ಆಗಬೇಕಿತ್ತು: ಹತ್ತಿ, ಉಣ್ಣಿ ಇಲ್ಲಾ ರೇಷ್ಮಿ. 2021ರ ಡಿಸೆಂಬರ್ 30ಕ್ಕ ಧ್ವಜ ಸಂಹಿತೆ ತಿದ್ದಿ ಪಾಲಿಯೆಸ್ಟರಿಗೂ, ಮಶೀನಿಗೂ ಒಪ್ಪಿಗಿ ಕೊಟ್ರು. ಈಗ ಆಗಸ್ಟ್ ಬಂತಂದ್ರ ಸಿಗ್ನಲ್ ಸಿಗ್ನಲ್‌ಗೆ ಪಾಲಿಯೆಸ್ಟರ್ ಬಾವುಟ.

ಪಡುವಣಗಾಳಿ
ನಮ್ಮ ಕರಾವಳಿ ಮಳೆಗೆ ಪಾಲಿಯೆಸ್ಟರೇ ಸರಿ ಮಾರಾಯ್ರೆ. ಆಗಸ್ಟ್ 15ಕ್ಕೆ ಖಾದಿ ಬಾವುಟ ನೆಂದು ಕಂಬಕ್ಕೆ ಅಂಟಿ ಕೂತಿರ್ತದೆ, ಹಾರುವುದೇ ಇಲ್ಲ.

ಎರೆಹೊಲ
ಹಾರಲಿಕ್ಕೆ ಗಾಳಿಪಟಾನೂ ಹಾರತದ ಬಿಡ್ರಿ.

ತುಂಗಭದ್ರೆ
ದಯವಿಟ್ಟು ಈ ಜಗಳ ಇಲ್ಲಿ ಬೇಡ. ಮೇಡಂ ಅವರ 4,200 ರೂಪಾಯಿ ಕಥೆ ಮುಗಿಸೋಣ.

ಗೂಡುಮಾರ್ಕೆಟ್
ಶಿಡ್ಲಘಟ್ಟದವನು. ರೇಷ್ಮೆ ಗೂಡಿನಿಂದ ನೂಲು ತೆಗೆಯೋ ರೀಲರ್ ಮನೆತನ. ಒಂದು ಗೂಡಿನಿಂದ ನೂರಾರು ಮೀಟರ್ ಎಳೆ ಬಿಚ್ಚುತ್ತೆ. ಅಷ್ಟು ಸಣ್ಣ ಎಳೆ ಹಲವು ಸೇರಿದರೆ ಒಂದು ನೂಲು. ಮಗ್ಗಕ್ಕೆ ಹೋಗೋ ರೇಷ್ಮೆ ಕೆ.ಜಿ.ಗೆ ಸಾವಿರಗಳ ಲೆಕ್ಕ. ಆದ್ದರಿಂದ ಮೊದಲ ಪರೀಕ್ಷೆ ಮಾಡಬೇಕಾದ್ದು ಬೆಲೆಯನ್ನ. 900 ರೂಪಾಯಿಗೆ "ಪ್ಯೂರ್ ಮೈಸೂರು ಸಿಲ್ಕ್" ಅಂದ್ರೆ ನಕ್ಕು ಮುಂದೆ ಹೋಗಿ. ಮೈಸೂರಿನ ಸರ್ಕಾರಿ ಕಾರ್ಖಾನೆ 1912ರಿಂದ ನೇಯ್ತಿದೆ, ಅವರ ಒಂದೊಂದು ಸೀರೆಗೂ ಬೇರೆ ಬೇರೆ ನಂಬರ್ ಇರುತ್ತೆ.

ಬೇರೆ ಕಡೆ ತಗೊಂಡ್ರೆ ಸಿಲ್ಕ್ ಮಾರ್ಕ್ ಚೀಟಿ ನೋಡಿ. ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಿಂದ ಬಂದಿರೋದು. ಅದು ಹೇಳೋದು ರೇಷ್ಮೆ ಶುದ್ಧ ಅಂತ ಮಾತ್ರ. ಜರಿಯ ಮಾತೇ ಬೇರೆ. ಶುದ್ಧ ಜರಿಯನ್ನ ಕೆರೆದರೆ ಒಳಗೆ ರೇಷ್ಮೆ ಎಳೆ, ಅದರ ಸುತ್ತ ಬೆಳ್ಳಿ. ಅಗ್ಗದ್ದು ಕೆರೆದರೆ ತಾಮ್ರ ಕಾಣುತ್ತೆ, ಇನ್ನೂ ಅಗ್ಗದ್ದಾದರೆ ಬರೀ ಪ್ಲಾಸ್ಟಿಕ್ ಪಟ್ಟಿ.

ಅನುಮಾನ ಇದ್ರೆ ಬೆಂಗಳೂರಿನ ಸಿಲ್ಕ್ ಬೋರ್ಡ್ ಕಚೇರಿ ಆವರಣದಲ್ಲೇ ರೇಷ್ಮೆ ತಾಂತ್ರಿಕ ಸಂಶೋಧನಾ ಸಂಸ್ಥೆ ಇದೆ, ಪರೀಕ್ಷೆ ಮಾಡಿಕೊಡ್ತಾರೆ.

ಗಿರ್ಮಿಟ್
ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿ ಅಲ್ಲಿಗೆ ಮುಟ್ಟೋದ್ರಾಗ ಹಿಪ್ಪುನೇರಳೆ ನೆಟ್ಟು, ಹುಳ ಸಾಕಿ, ಸ್ವಂತ ಸೀರಿ ನೇಯಬಹುದು.

ಬಿದಿರುಮೆಳೆ
ಬೆಂಗಳೂರು ಬಿಟ್ಟು 11 ವರ್ಷ ಆಯ್ತು, ಆ ಜೋಕ್ ಮಾತ್ರ ಇನ್ನೂ ಅಲ್ಲೇ ನಿಂತಿದೆ, ಟ್ರಾಫಿಕ್ ಥರಾನೇ.

ಲ್ಯಾಬ್‌ಕೋಟು
ಬೆಂಕಿ ಬೇಡ ಅನ್ನೋರಿಗೆ ಇನ್ನೊಂದು: ಬಟ್ಟೆಗೆ ಹಾಕೋ ಬ್ಲೀಚ್, ಸೋಡಿಯಂ ಹೈಪೋಕ್ಲೋರೈಟ್ ಇರೋದು. ಗಾಜಿನ ಲೋಟದಲ್ಲಿ ಸ್ವಲ್ಪ ಹಾಕಿ ಎಳೆ ಮುಳುಗಿಸಿಡಿ. ರೇಷ್ಮೆ, ಉಣ್ಣೆ ಎರಡೂ ಕರಗಿ ಮಾಯ. ಹತ್ತಿ, ರೇಯಾನ್, ಪಾಲಿಯೆಸ್ಟರ್ ಬಣ್ಣ ಕಳ್ಕೊಂಡರೂ ಎಳೆ ಹಾಗೇ ಇರುತ್ತೆ. ಇಲ್ಲಿ ಮಾಯವಾದ್ರೇನೇ ಪಾಸ್. ಬ್ಲೀಚ್ ಹಳೆಯದಾಗಿದ್ರೆ ಕೆಲಸ ಮಾಡಲ್ಲ. ಟಾಯ್ಲೆಟ್ ತೊಳೆಯೋ ಆ್ಯಸಿಡ್ ಜೊತೆ ಯಾವ ಕಾರಣಕ್ಕೂ ಬೆರೆಸಬೇಡಿ, ವಿಷದ ಗಾಳಿ ಬರುತ್ತೆ.

ಸುಡೋರು ಇಷ್ಟು ನೋಡ್ಕೊಳ್ಳಿ: ಹಾಸಿನ ಎಳೆ ಬೇರೆ, ಹೊಕ್ಕಿನ ಎಳೆ (ಅಡ್ಡಡ್ಡ ಬರೋದು) ಬೇರೆ ಸುಡಿ. ಹಾಸು ರೇಷ್ಮೆ, ಹೊಕ್ಕು ಪಾಲಿಯೆಸ್ಟರ್ ಹಾಕಿ "ಸೆಮಿ" ಅಂತ ಮಾರೋದುಂಟು. ಕುಚ್ಚಿನ ಎಳೆ ನಂಬಬೇಡಿ, ಕುಚ್ಚಿಗೆ ಎಷ್ಟೋ ಸಲ ಬೇರೆ ದಾರ ಸೇರಿಸಿ ಕಟ್ಟಿರ್ತಾರೆ. ಬೆಂಕಿಕಡ್ಡಿ ಬೇಡ, ಅದರದ್ದೇ ಗಂಧಕದ ವಾಸನೆ ಮೂಗಿಗೆ ಹೊಡೆಯುತ್ತೆ. ಲೈಟರ್ ಇಲ್ಲಾ ಮೇಣದಬತ್ತಿ, ಎಳೆ ಹಿಡಿಯೋಕೆ ಚಿಮಟ, ಕೆಳಗೆ ನೀರಿನ ತಟ್ಟೆ.

ಶ್ರಾವಣಸೋನೆ
ಅಯ್ಯೋ, ನಾನು ಕುಚ್ಚಿನದೇ ಸುಟ್ಟಿದ್ದು! ಒದ್ದೆ ಮಾಡಿದ್ದೂ ಅದನ್ನೇ. ನಾಳೆ ಸೆರಗಿನ ಒಳಗಿಂದ ತೆಗೆದು ನೋಡ್ತೀನಿ.

ಮಗ್ಗದಮನಿ
ನೋಡ್ರಿ, ಆದ್ರ ಆಸೆ ಇಟಗೋಬ್ಯಾಡ್ರಿ. ಇಳಕಲ್ ಸೀರಿಗೆ ಕುಚ್ಚು ಸೆರಗಿನ ಹಾಸಿನ ಎಳಿಯಿಂದನ ಬಿಡತಾರ.

ಶ್ರಾವಣಸೋನೆ
ಮರುದಿನದ ವರದಿ. ಸೆರಗಿನ ತುದಿಯಿಂದ ಹಾಸು, ಹೊಕ್ಕು ಬೇರೆ ಬೇರೆ ಬಿಡಿಸಿದೆ. ಸೂಜಿಯಲ್ಲಿ ಎತ್ತಿ ಎತ್ತಿ ತೆಗೆಯೋಕೆ ಅರ್ಧ ಗಂಟೆ ಹಿಡೀತು. ಎರಡೂ ಕಾಗದದ ವಾಸನೆ. ಎರಡೂ ಒದ್ದೆಯಾದರೆ ಪುಸಕ್. ಬ್ಲೀಚಲ್ಲಿ ಒಂದು ಗಂಟೆ ಇಟ್ಟೆ, ಕೆಂಪು ಹೋಗಿ ಬಿಳಿಯಾಗಿ ಲೋಟದ ತಳದಲ್ಲಿ ಆರಾಮಾಗಿ ಮಲಗಿದೆ. ಹೋಲಿಸೋಕೆ ಅಂತ ನನ್ನ ಮದುವೆ ಸೀರೆಯ ಒಂದು ಎಳೆ ಹಾಕಿದ್ದೆ, ಅದು ಪತ್ತೆಯೇ ಇಲ್ಲ. ಒಂದು ಕಡೆ ದುಃಖ, ಇನ್ನೊಂದು ಕಡೆ ಮದುವೆ ಸೀರೆ ಅಸಲಿ ಅಂತ ಸಮಾಧಾನ.

ಆಮೇಲೆ ಬಿಲ್ ಹುಡುಕಿದೆ. ಅದರಲ್ಲಿ "ಇಳಕಲ್ ಆ.ಸಿ. ಪಲ್ಲು" ಅಂತ ಬರೆದಿದೆ. ಅವತ್ತು ನಾನು ಆ.ಸಿ. ಅಂದ್ರೆ ಅಸಲಿ ಸಿಲ್ಕ್ ಅಂದ್ಕೊಂಡಿದ್ದೆ.

ಗಿರ್ಮಿಟ್
ಬಾಯಾಗ ಪ್ಯೂರ್, ಬಿಲ್‌ನ್ಯಾಗ ಆರ್ಟ್. ಕಲಾವಿದರು.

ಗೂಡುಮಾರ್ಕೆಟ್
ಬಿಲ್ ಇಟ್ಕೊಂಡಿರಿ. ಮಾತಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇಲ್ಲ ಅಂದ್ರೂ, ಆರ್ಟ್ ಸಿಲ್ಕ್ ಅಂತ ಅವರೇ ಬರೆದ ಮೇಲೆ ಆ ಬೆಲೆ ಯಾಕೆ ಅಂತ ಕೇಳಬಹುದು.

ಶ್ರಾವಣಸೋನೆ
ಫೋನ್ ಮಾಡಿದೆ. "ಬದಲಾಯಿಸಿ ಕೊಡ್ತೀವಿ, ಸೀರೆ ತನ್ನಿ" ಅಂದ್ರು. ಅತ್ತೆ ಹತ್ತಿರ ಹೋಗಿ ನಿಜ ಹೇಳಿ ಸೀರೆ ಕೇಳಿದೆ. "ನೀನು ತಂದ ದಿನಾನೇ ಗೊತ್ತಾಯ್ತು ಬಿಡು, ರೇಷ್ಮೆ ತಿಕ್ಕಿದರೆ ಕಿರ್ ಅನ್ನುತ್ತೆ, ಇದು ಸುಮ್ಮನಿತ್ತು. ಫಾಲ್ ಹಚ್ಚಿಸಿ ಆಗಿದೆ, ಇನ್ನೇನು ವಾಪಸ್ಸು" ಅಂದು ಬೀರುವಿನ ಬೀಗ ಹಾಕ್ಕೊಂಡ್ರು.

ರಸಾಯನಮೇಷ್ಟ್ರು
ಆ ಕಿರ್ ಶಬ್ದದ ವಿಷಯ ನಾನು ಹೇಳೋಕೆ ಮರೆತಿದ್ದೆ. ಅತ್ತೆಯವರು ಬೆರಳಲ್ಲೇ ಲ್ಯಾಬ್ ಇಟ್ಕೊಂಡಿದ್ದಾರೆ. ಆದ್ರೂ ಆ ಶಬ್ದ ಎಲ್ಲ ರೇಷ್ಮೆಗೂ ಬರಲ್ಲ, ಅದೊಂದನ್ನೇ ನಂಬೋ ಹಾಗಿಲ್ಲ.

ಮಗ್ಗದಮನಿ
ಅಮ್ಮಾವರಿಗೆ ಹೇಳ್ರಿ, ಒಗಿಯುವಾಗ ಸೆರಗು ಹಿಂಡಬ್ಯಾಡ್ರಿ ಅಂತ. ನೆರಳಾಗ ಹರವಬೇಕು. ಹಂಗ ಜೋಪಾನ ಮಾಡಿದ್ರ ಚಮಕಾನೂ ಭಾಳ ವರ್ಷ ಬರತದ.

ಕೆಂಪುಗುಲಾಬಿ
ನಾನೂ ಮಗಳ ಲಂಗದ ಎಳೆ ಸುಟ್ಟು ನೋಡಿದೆ. ಮಣಿ ಬಂತು. ಈಗ ನಮ್ಮ ಯಜಮಾನರು ಅವರ ಹೊಸ "ಪ್ಯೂರ್ ಲಿನನ್" ಶರಟು ಬಚ್ಚಿಟ್ಟಿದ್ದಾರೆ. ಲಿನನ್ ಹೇಗೆ ಹಿಡಿಯೋದು, ಯಾರಾದ್ರೂ ಹೇಳ್ತೀರಾ?

ಕತ್ರಿಗುಂಡಿ
ಮೊದಲು ಶರಟು ಹಿಡೀರಿ.